ಗೂಟ ಬೇಡವೆಂದ ಮುಂಗುಸಿ

ಮಕ್ಕಳೇ, ಮಂಜುಗುಡ್ಡ ಎಂಬ ಎತ್ತರದ ಬೆಟ್ಟದ ಬುಡದಲ್ಲಿ ಒಂದು ಬಿದಿರುಕಾಡು ಇತ್ತು. ಅಲ್ಲಿ ಚೂಟಿ ಎಂಬ ಮುಂಗುಸಿ, ಸೂಜವ್ವ ಎಂಬ ಮುಳ್ಳುಹಂದಿ, ಜಡೆಯಪ್ಪ ಎಂಬ ಕರಡಿ ಅಕ್ಕಪಕ್ಕದಲ್ಲೇ ವಾಸವಾಗಿದ್ದರು. ಮೂವರಲ್ಲಿ ಚೂಟಿ ಚಿಕ್ಕವನು. ಸೂಜವ್ವನನ್ನು ಅತ್ತೆ ಎಂದೂ ಜಡೆಯಪ್ಪನನ್ನು ಅಣ್ಣ ಎಂದೂ ಕರೆಯುತ್ತಿದ್ದ. ಜಡೆಯಪ್ಪನಿಗೂ ಸೂಜವ್ವ ಅತ್ತೆಯೇ.

ಬೆಟ್ಟದ ನೆತ್ತಿಯಲ್ಲಿ ಕುರಿಂಜಿ ಹೂ ಅರಳುವುದು ಬಹಳ ವರ್ಷಕ್ಕೊಮ್ಮೆ. ಆ ವರ್ಷ ಅರಳಿತು. ಕೆಳಗಿನಿಂದ ನೋಡಿದರೆ ಯಾರೋ ಬೆಟ್ಟಕ್ಕೆ ನೀಲಿ ರುಮಾಲು ಸುತ್ತಿದಂತೆ ಕಾಣುತ್ತಿತ್ತು. ಮೇಲೆ ಹೋಗಿ, ಒಂದು ರಾತ್ರಿ ತಂಗಿ, ಬೆಳಗಿನ ಬಿಸಿಲಲ್ಲಿ ಹೂ ನೋಡಿ ಬರುವುದೆಂದು ಮೂವರೂ ಮಾತಾಡಿಕೊಂಡರು. ಮುಂದಿನ ಸಲ ಅರಳುವ ಹೊತ್ತಿಗೆ ತನ್ನ ಕಾಲು ಬೆಟ್ಟ ಹತ್ತುವಂತಿರುತ್ತದೋ ಇಲ್ಲವೋ ಎಂದು ಸೂಜವ್ವ ಹೇಳಿದ ಮೇಲೆ ಹೊರಡದೆ ಇರುವ ಮಾತೇ ಇರಲಿಲ್ಲ.

ಚೀಲ ತುಂಬುವ ಕೆಲಸ ಶುರುವಾಯಿತು. ಜಡೆಯಪ್ಪ ಒಂದು ಹುತ್ತವನ್ನು ಬುಡಸಮೇತ ಕಿತ್ತು ಹೆಗಲ ಮೇಲಿಟ್ಟುಕೊಂಡು ಬಂದ. ದಾರಿಯಲ್ಲಿ ಗೆದ್ದಲು ತಿನ್ನಬೇಕೆನಿಸಿದರೆ ಎಲ್ಲಿ ಹುಡುಕುವುದು ಎಂಬುದು ಅವನ ಚಿಂತೆ. ಜೊತೆಗೆ ಬೆನ್ನು ಉಜ್ಜಿಕೊಳ್ಳಲು ಒಂದು ದೊಡ್ಡ ಕಲ್ಲು ಬೇರೆ.

ಸೂಜವ್ವ ಅವನನ್ನು ಕೂರಿಸಿಕೊಂಡು, ಒಂದೊಂದನ್ನೂ ಮುಂದಿಟ್ಟು, ಇದಿಲ್ಲದಿದ್ದರೆ ಬೆಟ್ಟದ ಮೇಲೆ ಏನಾಗುತ್ತದೆ ಎಂದು ಕೇಳಿದಳು. ಕಲ್ಲಿಲ್ಲದಿದ್ದರೆ ಬೆನ್ನು ತುರಿಸುತ್ತದೆ, ಅಷ್ಟೇ ಎಂದ ಜಡೆಯಪ್ಪ. ಕಲ್ಲು ಮನೆಯಲ್ಲೇ ಉಳಿಯಿತು. ಹುತ್ತದ ಬದಲು ಜೇನಿನಲ್ಲಿ ಕಲಸಿದ ಹುರಿಹಿಟ್ಟಿನ ಉಂಡೆಗಳು ಬಂದವು. ಕಂಬಳಿ ಇಲ್ಲದಿದ್ದರೆ ಅತ್ತೆ ಚಳಿಯಲ್ಲಿ ನಡುಗುತ್ತಾಳೆ ಎಂದ. ಕಂಬಳಿ ಚೀಲದೊಳಗೆ ಹೋಯಿತು.

ಚೂಟಿಯ ಲೆಕ್ಕಾಚಾರವೇ ಬೇರೆ. ಅವನಿಗೆ ಹಗುರದ ಹುಚ್ಚು ಹಿಡಿದಿತ್ತು. ಬಿಲದ ಮುಂದಿನ ಎಳೆ ಬಿದಿರಿನ ತುದಿಗೆ ಚೀಲವನ್ನು ನೇತುಹಾಕಿ, ಬಿದಿರು ಎಷ್ಟು ಬಾಗಿತೆಂದು ನೋಡುತ್ತಿದ್ದ. ಒಂಚೂರು ಬಾಗಿದರೂ ಏನನ್ನಾದರೂ ಹೊರಗೆಸೆಯುತ್ತಿದ್ದ. ಮೊದಲು ಕಂಬಳಿ ಹೋಯಿತು. ಆಮೇಲೆ ಸೌಟಿನ ಹಿಡಿಯನ್ನೇ ಕಡಿದುಹಾಕಿದ. ಬಾಚಣಿಗೆಯ ಹಲ್ಲುಗಳನ್ನು ಒಂದು ಬಿಟ್ಟು ಒಂದು ಮುರಿದ. ಬುತ್ತಿಗೆಂದು ಇಟ್ಟಿದ್ದ ಮೊಟ್ಟೆಗಳನ್ನೆಲ್ಲ ಅಲ್ಲೇ ಕುಡಿದು ಮುಗಿಸಿ, ಹೊಟ್ಟೆಯೊಳಗಿದ್ದರೆ ಬೆನ್ನಿಗೆ ಭಾರವಿಲ್ಲ ಎಂದು ಜಡೆಯಪ್ಪನಿಗೆ ವಿವರಿಸಿದ. ಜಡೆಯಪ್ಪನಿಗೆ ಈ ವಿಚಾರ ಬಹಳ ಹಿಡಿಸಿತು. ತಾನೂ ಹಾಗೇ ಮಾಡೋಣವೆಂದು ಹುರಿಹಿಟ್ಟಿಗೆ ಕೈ ಹಾಕಿದ. ಸೂಜವ್ವ ಆ ಕೈಗೆ ಮೆಲ್ಲಗೆ ಒಂದು ಮುಳ್ಳು ತಾಗಿಸಿದಳು.

ಇನ್ನುಳಿದದ್ದು ಡೇರೆ. ಆ ಕಾಡಿನಲ್ಲಿ ಡೇರೆ ಹೊಲಿಯುವುದು ಗೀಜಗ ಹಕ್ಕಿ ನೇಕಯ್ಯನ ಕಸುಬು. ಚೂಟಿ ಅವನ ಬಳಿ ಕಾಡುರೇಷ್ಮೆಯ ಡೇರೆಯೊಂದನ್ನು ಹೊಲಿಸಿದ. ತಳವೂ ರೇಷ್ಮೆ, ಗೋಡೆಯೂ ರೇಷ್ಮೆ. ಮಡಿಸಿದರೆ ಮುಷ್ಟಿಯೊಳಗೆ ಅಡಗುವಷ್ಟು ತೆಳು. ಚೂಟಿ ಅದನ್ನು ಕೆನ್ನೆಗೆ ಒತ್ತಿಕೊಂಡು ಕುಣಿದಾಡಿದ. ಆದರೆ ನೇಕಯ್ಯ ಡೇರೆಯ ಜೊತೆ ಹಗ್ಗವನ್ನೂ ಮರದ ಗೂಟಗಳನ್ನೂ ಕಟ್ಟಿಕೊಡಲು ಬಂದಾಗ ಹಿಂದೆ ಸರಿದ.

"ಡೇರೆ ಹಗುರ ಆದಷ್ಟೂ ಗೂಟ ಬೇಕೇ ಬೇಕು ಕಣಪ್ಪ. ಮೇಲೆ ಗಾಳಿ ಜೋರಾಗಿರುತ್ತೆ," ಎಂದ ನೇಕಯ್ಯ.

"ಗೂಟ ಯಾಕೆ? ಒಳಗೆ ನಾನೇ ಇರ್ತೀನಲ್ಲ," ಎಂದ ಚೂಟಿ.

ಗೂಟ, ಹಗ್ಗ ಎರಡೂ ಅಂಗಡಿಯಲ್ಲೇ ಉಳಿದವು.

ಮಾರನೆಯ ಬೆಳಗ್ಗೆ ಹೊರಟರು. ನಿಜ ಹೇಳಬೇಕೆಂದರೆ, ದಾರಿಯುದ್ದಕ್ಕೂ ಚೂಟಿಯದೇ ಗೆಲುವು. ಮುಂದಕ್ಕೆ ಓಡುವನು, ಹಿಂದಕ್ಕೆ ಬರುವನು, ಬಂಡೆಯ ಮೇಲೆ ಲಾಗ ಹಾಕುವನು. ಸೂಜವ್ವ ನಿಧಾನವಾಗಿ, ನಿಂತು ನಿಂತು ಹತ್ತಿದಳು. ತನಗೂ ಸೂಜವ್ವನಿಗೂ ಬೇಕಾದ ಡೇರೆ, ಅದರ ಗೂಟ, ನೀರಿನ ಬುರುಡೆ ಎಲ್ಲ ಹೊತ್ತಿದ್ದ ಜಡೆಯಪ್ಪ ಬುಸುಗುಟ್ಟುತ್ತಾ ಹತ್ತಿದ. ಚೂಟಿ ತನ್ನ ಚೀಲವನ್ನು ಬಾಲದ ತುದಿಯಲ್ಲಿ ಗಿರಗಿರ ತಿರುಗಿಸಿ ತೋರಿಸಿ, ಬೆಟ್ಟಕ್ಕೆ ಬರುವವರು ಹೀಗೆ ಬರಬೇಕು ಎಂದ. ಹಾಗೆನ್ನುತ್ತಲೇ ಜಡೆಯಪ್ಪನ ಬುರುಡೆಯಿಂದ ಎರಡು ಸಲ ನೀರು ಕುಡಿದ.

ಸಂಜೆಯ ಹೊತ್ತಿಗೆ ನೆತ್ತಿ ತಲುಪಿದರು. ಕಣ್ಣು ಹಾಯುವವರೆಗೂ ಹೂ. ಇಳಿಬಿಸಿಲಿನಲ್ಲಿ ಹೂಗಳೆಲ್ಲ ಕೂಡಿ ನೀಲಿ ಹೊಳೆಯಂತೆ ಅಲುಗಾಡುತ್ತಿದ್ದವು. ಜಡೆಯಪ್ಪ ಸುಸ್ತೆಲ್ಲ ಮರೆತು ಒಂದು ಸುತ್ತು ಉರುಳಿ ಎದ್ದ. ಆಮೇಲೆ ಒಂದು ಬಂಡೆಯ ಮರೆ ನೋಡಿ, ಮುಷ್ಟಿಯಿಂದಲೇ ಗೂಟ ಗುದ್ದಿ, ತನಗೂ ಸೂಜವ್ವನಿಗೂ ಡೇರೆ ನಿಲ್ಲಿಸಿದ.

ಚೂಟಿಗೆ ಬಯಲಿನ ನಡುವೆಯೇ ಮಲಗುವ ಆಸೆ. ಎರಡು ಜೊಂಡಿನ ಕಡ್ಡಿ ಆನಿಸಿ ರೇಷ್ಮೆಯ ಡೇರೆ ಎತ್ತಿದ. ಒಳಹೊಕ್ಕು ಅಂಗಾತ ಮಲಗಿದ. ಬಾಗಿಲನ್ನು ಗಾಳಿ ಬರಲೆಂದು ತೆರೆದೇ ಇಟ್ಟ.

ಗಾಳಿ ಬಂತು.

ಡೇರೆ ಮೊದಲು ಬೋಂಡದಂತೆ ಉಬ್ಬಿತು. ಆಮೇಲೆ ಒಂದು ಮೂಲೆ ನೆಲ ಬಿಟ್ಟಿತು. ಆಮೇಲೆ ನಾಲ್ಕೂ ಮೂಲೆಗಳು ಬಿಟ್ಟವು. ಹುರಿಹಿಟ್ಟು ತಿನ್ನುತ್ತಿದ್ದ ಜಡೆಯಪ್ಪ ಅಗಿಯುವುದನ್ನು ನಿಲ್ಲಿಸಿದ.

"ಅತ್ತೆ, ಚೂಟಿ ಡೇರೆ ಹಾಕಿದ್ದು ಅಲ್ಲಿ ತಾನೆ?"

"ಹೌದು."

"ಈಗ ಅದು ಮೇಲಿದೆ."

ಚೂಟಿಗೆ ಮೊದಮೊದಲು ಬಹಳ ಸುಖವೆನಿಸಿತ್ತಂತೆ. ಇಷ್ಟು ಮೆತ್ತಗಿನ ನೆಲದ ಮೇಲೆ ತಾನೆಂದೂ ಮಲಗಿಲ್ಲ ಎಂದುಕೊಂಡಿದ್ದನಂತೆ. ಬಾಗಿಲಿನಿಂದ ತಲೆ ಹೊರಗೆ ಹಾಕಿ ನೋಡಿದರೆ ಕರಡಿಯ ನೆತ್ತಿ ಕಾಣಿಸಿತು.

"ಜಡೆಯಣ್ಣ, ನೀನ್ಯಾಕೆ ಕೆಳಗಿದ್ದೀಯ?" ಎಂದು ಕೇಳಿದ.

ಉತ್ತರ ಕೇಳುವಷ್ಟು ಹೊತ್ತೂ ಅವನಿಗೆ ಸಿಗಲಿಲ್ಲ. ಡೇರೆ ಹೂಗಳ ಮೇಲೆ ಒಮ್ಮೆ ಕುಪ್ಪಳಿಸಿತು, ಮತ್ತೆ ಎದ್ದಿತು, ಪಲ್ಟಿ ಹೊಡೆಯಿತು. ಬಾಚಣಿಗೆ ಒಂದು ಕಡೆ ಹಾರಿತು, ಹಿಡಿಯಿಲ್ಲದ ಸೌಟು ಇನ್ನೊಂದು ಕಡೆ. ಗಾಳಿ ಬೀಸುತ್ತಿದ್ದ ದಿಕ್ಕಿನಲ್ಲಿ ಬೆಟ್ಟ ಮುಗಿದು ಕಮರಿ ಶುರುವಾಗುತ್ತಿತ್ತು. ಅದನ್ನು ಕಂಡ ಸೂಜವ್ವ, ಹೋಗಿ ಹಿಡಿಯೆಂದು ಜಡೆಯಪ್ಪನನ್ನು ಅಟ್ಟಿದಳು. ಅವನು ಕೈಯಲ್ಲಿದ್ದ ಉಂಡೆಯನ್ನು ಬಿಟ್ಟು ಓಡಿದ. ಜಡೆಯಪ್ಪ ತಿನ್ನುವುದನ್ನು ಅರ್ಧಕ್ಕೆ ಬಿಟ್ಟದ್ದನ್ನು ಆ ಕಾಡಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಡೇರೆ ಕಮರಿಯ ಅಂಚು ದಾಟಿಯೇಬಿಟ್ಟಿತು. ಅದರ ಹಿಂದಿನ ಸೆರಗೊಂದು ಮಾತ್ರ ಇನ್ನೂ ನೆಲದ ಮೇಲೆ ಜಾರುತ್ತಿತ್ತು. ಜಡೆಯಪ್ಪ ಕೈಚಾಚಿ ಹಿಡಿಯುವ ಗೋಜಿಗೆ ಹೋಗಲಿಲ್ಲ. ಓಡಿಬಂದ ರಭಸಕ್ಕೇ ಧೊಪ್ಪನೆ ಅದರ ಮೇಲೆ ಕೂತ.

ರೇಷ್ಮೆ ಚರ್ರೆಂದು ಎಳೆದುಕೊಂಡು ನಿಂತಿತು. ಅದರ ಆ ತುದಿಯಲ್ಲಿ, ಬರೀ ಮಂಜು ತುಂಬಿದ ಕಮರಿಯ ಮೇಲೆ, ಚೂಟಿ ತೊಟ್ಟಿಲಲ್ಲಿನ ಕೂಸಿನಂತೆ ತೂಗಾಡುತ್ತಿದ್ದ. ಎಳೆದುಕೊಳ್ಳೋಣವೆಂದರೆ ಜಡೆಯಪ್ಪ ಏಳಬೇಕು. ಎದ್ದರೆ ಡೇರೆ ಹೋಗುತ್ತದೆ. ಅವನು ಬೆಟ್ಟದಂತೆ ಅಲುಗಾಡದೆ ಕೂತು, ಅತ್ತೆ ಬರಲಿ, ಅತ್ತೆ ಬರಲಿ ಎಂದು ಗೊಣಗುತ್ತಿದ್ದ.

ಸೂಜವ್ವ ಏದುಸಿರು ಬಿಡುತ್ತಾ ಬಂದಳು. ಬೆನ್ನು ತಿರುಗಿಸಿ, ಮುಳ್ಳುಗಳನ್ನು ನಿಮಿರಿಸಿ, ಜೋರಾಗಿ ಸೆರಗಿನ ಮೇಲೆ ಕುಕ್ಕರಿಸಿ ಎದ್ದಳು. ಹಿಡಿತುಂಬ ಮುಳ್ಳುಗಳು ಅವಳ ಮೈಯಿಂದ ಕಳಚಿ, ರೇಷ್ಮೆಯನ್ನು ನೆಲಕ್ಕೆ ಸೇರಿಸಿ ನೆಟ್ಟುಕೊಂಡವು. ಪಕ್ಕಕ್ಕೆ ಸರಿದು ಇನ್ನೊಮ್ಮೆ ಕೂತಳು. ಮತ್ತಷ್ಟು ಮುಳ್ಳು ನಾಟಿದವು. ಆಗ ಜಡೆಯಪ್ಪ ಮೆಲ್ಲಗೆ ಎದ್ದು, ಎರಡೂ ಕೈಯಿಂದ ರೇಷ್ಮೆಯನ್ನು ಸೇದಿ ಸೇದಿ ಮೇಲೆಳೆದುಕೊಂಡ. ಬಾವಿಯಿಂದ ಬಿಂದಿಗೆ ಬಂದಂತೆ ಚೂಟಿ ಮೇಲೆ ಬಂದ.

ಬಂದವನು ಜಡೆಯಪ್ಪನ ಕೂದಲನ್ನು ಬಿಡಲೇ ಇಲ್ಲ. ಬಂಡೆಯ ಮರೆಯ ಡೇರೆ ಮುಟ್ಟುವವರೆಗೂ ಜೋತುಕೊಂಡೇ ಬಂದ. ಆಮೇಲೆ ಸೂಜವ್ವನ ಬೋಳಾದ ಬೆನ್ನು ಅವನ ಕಣ್ಣಿಗೆ ಬಿತ್ತು.

"ಅತ್ತೆ, ನಿಮ್ಮ ಮುಳ್ಳು..."

"ಮುಳ್ಳು ಮತ್ತೆ ಬರುತ್ತೆ. ನೀನು ಹೋಗಿದ್ರೆ ಮತ್ತೆ ಬರ್ತಿದ್ಯಾ?" ಎಂದಳು ಸೂಜವ್ವ.

ಚೂಟಿಗೆ ಅಳು ಬಂತು. ಅಳುತ್ತಲೇ ಹಸಿವೂ ಆಯಿತು. ಕುಡಿದಿದ್ದ ಮೊಟ್ಟೆಗಳು ಯಾವಾಗಲೋ ಕರಗಿಹೋಗಿದ್ದವು. ಜಡೆಯಪ್ಪ ತನ್ನ ಪಾಲಿನ ಉಂಡೆಯಲ್ಲಿ ಅರ್ಧ ಮುರಿದು ಕೊಟ್ಟ. ಒಂದೇ ಕಂಬಳಿಯೊಳಗೆ ಮೂವರೂ ತೂರಿಕೊಂಡರು. ಮುಳ್ಳಿಲ್ಲದ ಬೆನ್ನಿನ ಕಡೆ ಚೂಟಿಗೆ ಜಾಗ ಸಿಕ್ಕಿತು. ಜಡೆಯಪ್ಪನ ಗೊರಕೆಗೆ ಡೇರೆಯೇ ಅದುರುತ್ತಿದ್ದರೂ ಗೂಟಗಳು ಜಗ್ಗಲಿಲ್ಲ.

ಬೆಳಗಾಯಿತು. ಬಿಸಿಲು ಬಿದ್ದದ್ದೇ ತಡ, ಬೆಟ್ಟವೆಲ್ಲ ನೀಲಿ ಬೆಂಕಿ ಹತ್ತಿದಂತೆ ಹೊಳೆಯಿತು. ಸೂಜವ್ವ ಹೂಗಳ ನಡುವೆ ಚಿಕ್ಕ ಹುಡುಗಿಯಂತೆ ಗಿರಕಿ ಹೊಡೆದಳು. ಜಡೆಯಪ್ಪ ಇಳಿಜಾರಿನಲ್ಲಿ ಉರುಳಿ, ಮತ್ತೆ ಹತ್ತಿ, ಮತ್ತೆ ಉರುಳಿದ. ಚೂಟಿ ಮಾತ್ರ ಡೇರೆಯ ಬಾಗಿಲಲ್ಲಿ ಕೂತಿದ್ದ. ತೊಡೆಯ ಮೇಲೆ ಒಂದು ಗುಂಡುಕಲ್ಲು, ಬಾಲದ ಮೇಲೆ ಇನ್ನೊಂದು.

ಗಾಳಿ ನಿಂತಿದೆ, ಬಾ ಎಂದು ಸೂಜವ್ವ ಕರೆದಳು. ಚೂಟಿ ಹುಲ್ಲಿನ ತುದಿಗಳನ್ನು ಬಹಳ ಹೊತ್ತು ನೋಡಿದ. ಒಂದೂ ಅಲುಗುತ್ತಿರಲಿಲ್ಲ. ಬಾಲದ ಮೇಲಿನ ಕಲ್ಲನ್ನು ಮೊದಲು ಇಳಿಸಿದ. ಸ್ವಲ್ಪ ಕಾದು ತೊಡೆಯ ಮೇಲಿನದನ್ನೂ ಇಳಿಸಿದ. ಆಮೇಲೆ ಒಂದೇ ನೆಗೆತಕ್ಕೆ ಹೂಗಳೊಳಗೆ ಬಿದ್ದ.

ನೀತಿ: ಹೊರೆ ಇಳಿಸುವಾಗ ಅದರ ತೂಕವನ್ನಷ್ಟೇ ಅಲ್ಲ, ಅದು ಮಾಡುವ ಕೆಲಸವನ್ನೂ ನೋಡಬೇಕು. ಬೇಡದ್ದನ್ನು ಬಿಡುವುದು ಜಾಣತನ, ಬೇಕಾದ್ದನ್ನೂ ಬಿಡುವುದು ಹುಚ್ಚುತನ.