ಹೊಳೆ ದಾಟಿದ ಊರು

ಬಹಳ ಹಿಂದಿನ ಮಾತು ಕಣ್ರಪ್ಪಾ. ಕೆನಡಾ ಅನ್ನೋ ಹಿಮದ ಸೀಮೆಯಲ್ಲಿ, ಕಾಡು ಮುಗಿದು ಬಯಲು ಶುರುವಾಗೋ ಕಡೆ, ಹೊಳೆ ದಂಡೆಯ ಮೇಲೆ ಒಂದು ಪುಟ್ಟ ಪಟ್ಟಣ ಇತ್ತಂತೆ. ಇದ್ದದ್ದು ನಲವತ್ತು ಮರದ ಮನೆ, ಒಂದು ಕುಲುಮೆ. ಆ ಕುಲುಮೆಯ ಕಮ್ಮಾರ ಹೇಮಿಶ್ ಕಿಂಕೇಡನೇ ಊರಿಗೆ ಮೇಯರು. ಅವನು ಕಬ್ಬಿಣದ ಮೇಲೆ ಮೂರು ಸಲ ಸುತ್ತಿಗೆ ಬಡಿದರೆ ಸಭೆ ಕರೆದ ಹಾಗೆ.

ಒಂದು ವರ್ಷ ಸುದ್ದಿ ಬಂತು, ರೈಲು ಆಚೆ ದಡದಲ್ಲೇ ಹೋಗುತ್ತೆ, ಈಚೆಗೆ ಸೇತುವೆ ಇಲ್ಲ ಅಂತ. ಜನ ಊರು ಬಿಡೋದಕ್ಕೆ ಗಂಟುಮೂಟೆ ಕಟ್ಟತೊಡಗಿದರು. ಹೇಮಿಶನಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಮೂರನೇ ದಿನ ಸುತ್ತಿಗೆ ಬಡಿದ.

"ಯಾರೂ ಹೋಗಬೇಡಿ. ಹೊಳೆ ಹೆಪ್ಪುಗಟ್ಟಲಿ, ಮನೆಗಳನ್ನ ಹಂಗೇ ಎಳ್ಕೊಂಡು ಆಚೆಗೆ ಹೋಗೋಣ" ಅಂದ.

ಜನ ಬಿದ್ದು ಬಿದ್ದು ನಕ್ಕರಂತೆ.

ಚಳಿಗಾಲ ಬಂತು, ಹೊಳೆ ಕಲ್ಲಾಯಿತು. ಹೇಮಿಶ್ ಸರಪಳಿ ಬಡಿದ, ಮನೆಗಳ ಅಡಿಗೆ ಹಾಕೋಕೆ ದಿಮ್ಮಿ ಕಡಿದ, ಎಳೆಯೋಕೆ ಹಗ್ಗ, ಕುದುರೆ ಸೇರಿಸಿದ. ಆದರೆ ಮೊದಲ ಮನೆ ಯಾರದ್ದು? ಎಲ್ಲರೂ ನೆಲ ನೋಡಿದರು. ಆಗ ಒಂಟಿ ಹೆಂಗಸು ಓದೀಲ್ ಅಜ್ಜಿ ಮುಂದೆ ಬಂದಳಂತೆ.

"ನಂದನ್ನ ಎಳಿ. ಆದ್ರೆ ನಾನು ಕೆಳಗಿಳಿಯಲ್ಲ. ಒಲೆ ಮೇಲೆ ಸೂಪು ಕುದೀತಿದೆ. ಒಂದು ಹನಿ ಚೆಲ್ಲಿದ್ರೂ ನಿನ್ನ ಸುಮ್ನೆ ಬಿಡಲ್ಲ ಮೇಯರಪ್ಪಾ!"

ಕುದುರೆಗಳ ಮುಂದೆ ಹೇಮಿಶ್ ಹಾರೆಯಿಂದ ಮಂಜುಗಡ್ಡೆ ತಟ್ಟುತ್ತಾ ನಡೆದ. ಹಿಂದೆ ಮನೆ, ಅದರ ಚಿಮಣಿಯಿಂದ ಹೊಗೆ! ಒಂದು ಹನಿಯೂ ಚೆಲ್ಲಲಿಲ್ಲ ಅಂತಾರೆ. ಚೆಲ್ಲಿತ್ತು, ಅಜ್ಜಿ ಲಂಗದ ಅಂಚಲ್ಲಿ ಒರೆಸಿ ಮುಚ್ಚಿಟ್ಟಳು ಅಂತಲೂ ಅಂತಾರೆ.

ಆಮೇಲೆ ನಾ ಮುಂದು ತಾ ಮುಂದು ಅಂತ ಇನ್ನೂ ಮೂವತ್ತೆಂಟು ಮನೆ ದಾಟಿದವಂತೆ. ಕೊನೆಗೆ ಹೇಮಿಶನದು. ಅಷ್ಟರಲ್ಲಿ ಚಳಿಗಾಲ ಮುಗೀತಾ ಬಂದು ಬಿಸಿಲೇರಿತ್ತು. ನಡುಹೊಳೆಯಲ್ಲಿ ಮಂಜುಗಡ್ಡೆ ಚಟಾರನೆ ಬಿರುಕು ಬಿಟ್ಟಿತು. ಕುದುರೆ ಉಳಿದರೆ ಸಾಕು ಅಂತ ಅವನೇ ಕೊಡಲಿ ತಗೊಂಡು ಹಗ್ಗ ಕಡಿದ. ಮನೆ ಚಿಮಣಿವರೆಗೂ ಮುಳುಗಿತು.

"ಹೋಗ್ಲಿ ಬಿಡಿ, ಸೂರು ಸೋರ್ತಿತ್ತು" ಅಂದು ನಕ್ಕನಂತೆ ಹೇಮಿಶ್. ಆದರೆ ಅವನ ಗಡ್ಡವೆಲ್ಲ ಒದ್ದೆಯಾಗಿತ್ತಂತೆ.

ಮರುದಿನ ಬೆಳಗ್ಗೆ ಒಬ್ಬೊಬ್ಬರೂ ತಮ್ಮ ಮನೆಯಿಂದ ಒಂದೊಂದು ಹಲಗೆ ಕಿತ್ತು ತಂದರು. ಕೆಂಪು, ನೀಲಿ, ಹಸಿರು, ಬಣ್ಣ ಕಾಣದ್ದು. ಓದೀಲ್ ಅಜ್ಜಿಯಂತೂ ಬಾಗಿಲನ್ನೇ ಕಳಚಿ ಹೊತ್ತು ತಂದಳಂತೆ. ಸಂಜೆಯೊಳಗೆ ಮೇಯರಿಗೆ ಮನೆ ಎದ್ದಿತು. ಬೇಸಿಗೆಗೆ ರೈಲೂ ಬಂತು.

ಇವತ್ತಿಗೂ ಆ ಊರಲ್ಲಿ ಯಾರೇ ಹೊಸ ಮನೆ ಕಟ್ಟಲಿ, ನೆರೆಯವರು ತಲಾ ಒಂದು ಹಲಗೆ ತಂದು ಕೊಡ್ತಾರಂತೆ. ಬಣ್ಣ ಹೊಂದಲಿ ಬಿಡಲಿ, ಬೀದಿಗೆ ಕಾಣೋ ಹಾಗೇ ಅದನ್ನ ಬಡೀತಾರಂತೆ.