ನೀಲಿ ಸ್ಪಾಂಜು

ನಮ್ಮ ಮನೆತನ ನಾಲ್ಕು ತಲೆಮಾರಿನಿಂದ ಮೈಸೂರಿನಲ್ಲಿ ಗೌರವದಿಂದ ಬಾಳಿಕೊಂಡು ಬಂದದ್ದು. ಮುತ್ತಜ್ಜ ನ್ಯಾಯಾಧೀಶರಾಗಿದ್ದರು. ತಾತ ಬಡಾವಣೆಗೆ ವಾಚನಾಲಯ ಕಟ್ಟಿಸಿಕೊಟ್ಟರು. ನಮ್ಮವರು ಆಡಿದ ಮಾತನ್ನು ಯಾರೂ ಇನ್ನೊಬ್ಬರ ಹತ್ತಿರ ವಿಚಾರಿಸಿ ನೋಡಿದ್ದಿಲ್ಲ. ಕಪಿಲೆಯ ದಡದಲ್ಲಿ ಪುಟ್ಟ ಆಶ್ರಮ ನಡೆಸುತ್ತಿದ್ದ ಸುಂದರಾಂಬನವರು ನನ್ನ ಸೋದರತ್ತೆ. ನಡೆದದ್ದನ್ನು ನಡೆದ ಹಾಗೆ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದಾರೆ. ಹಾಗೆಯೇ ಹೇಳುತ್ತೇನೆ.

ಆಶ್ರಮದಲ್ಲಿ ಎಲ್ಲರೂ ಅವರನ್ನು ಅಮ್ಮ ಎನ್ನುತ್ತಿದ್ದರು.

ಪಾತ್ರೆ ತೊಳೆಯಲು ಅಲ್ಲಿ ತೆಂಗಿನ ನಾರು, ಬೂದಿ. ಒಂದು ಸಲ ನಾನು ಮೈಸೂರಿನಿಂದ ಚೀಲದ ತುಂಬ ಸ್ಪಾಂಜು ಕಳಿಸಿದೆ. ಹಸಿರು ಬಣ್ಣದವು ಒರಟು. ಹಳದಿಯವೂ ನೀಲಿಯವೂ ಒಂದೇ ಸಮ ಮೆತ್ತಗಿದ್ದವು.

ಅಡುಗೆಮನೆಯ ಹೊಣೆ ಹಿರಿಯ ಶಿಷ್ಯ ವಾಗೀಶನದು. ಅವನಿಗೆ ಉಪನಿಷತ್ತುಗಳು ಬಾಯಿಪಾಠವಾಗಿದ್ದವು.

“ಅಮ್ಮ, ತೊಳೆಯುವುದು ಒಂದೇ ಕೆಲಸ. ಅದಕ್ಕೆ ಇಷ್ಟು ಬಗೆ ಯಾಕೆ?” ಎಂದು ಕೇಳಿದ.

ಅಮ್ಮ ತಳ ಹಿಡಿದ ಅನ್ನದ ಪಾತ್ರೆಯನ್ನು ಅವನ ಮುಂದಿಟ್ಟು ಹಳದಿಯದನ್ನು ಕೊಟ್ಟರು. ಅವನು ಬೆವರುವಷ್ಟು ಉಜ್ಜಿದ. ಕರಿ ಹೋಗಲಿಲ್ಲ. ಆಮೇಲೆ ತಮ್ಮ ಕನ್ನಡಕ ತೆಗೆದು ಅವನ ಕೈಗಿಟ್ಟು, ಹಸಿರಿನದರಲ್ಲಿ ಉಜ್ಜು ಎಂದರು. ಅವನು ಉಜ್ಜಲಿಲ್ಲ.

ಒರಟು ಯಾಕೆ, ಮೆತ್ತಗೆ ಯಾಕೆ ಎಂದು ತಿಳಿಯಿತೆಂದ. ಆದರೆ ಹಳದಿಯೂ ನೀಲಿಯೂ ಒಂದೇ ಥರ ಮೆತ್ತಗಿವೆಯಲ್ಲ, ಬಣ್ಣ ಯಾಕೆ ಬೇರೆ?

“ಒಲೆಕಟ್ಟೆ ಒರೆಸಿದ್ದು ಹಾಲಿನ ಪಾತ್ರೆಗೆ ಹೋಗದಿರಲಿ ಅಂತ. ಹಳದಿ ಪಾತ್ರೆಗೆ, ತಟ್ಟೆಗೆ. ನೀಲಿ ಕಟ್ಟೆಗೆ.”

ವಾಗೀಶ ತಲೆಯಾಡಿಸಿದ.

ಆ ತಿಂಗಳು ದೇವೀರಿ ಬಂದಳು. ನದಿಯಾಚೆಯ ಕೇರಿಯ ಹುಡುಗಿ. ಇಲ್ಲಿ ಶಾಸ್ತ್ರ ಓದಿ, ತನ್ನ ಕೇರಿಯ ಮಕ್ಕಳಿಗೆ ಹೇಳಿಕೊಡಬೇಕೆಂಬುದು ಅವಳ ಆಸೆ. ಅಲ್ಲೂ ನಿನ್ನ ತಟ್ಟೆಗೆ ಬೇರೆ ಮೂಲೆ ಹುಡುಕುತ್ತಾರೆ, ಹೋಗಬೇಡ ಎಂದು ಅವಳ ತಾಯಿ ತಡೆದಿದ್ದಳಂತೆ. ಅಮ್ಮ ಅಂಥವರಲ್ಲ ಎಂದು ವಾದಿಸಿ ಬಂದಿದ್ದಳು.

ಸ್ವಲ್ಪ ದಿನ ಕಳೆಯಿತು. ವಾಗೀಶ ಹೊಸ ನೀಲಿ ಸ್ಪಾಂಜೊಂದನ್ನು ಅವಳಿಗೆ ಕೊಟ್ಟು, ನಿನ್ನ ತಟ್ಟೆಯನ್ನು ಇದರಲ್ಲೇ ತೊಳೆದು ಹಿತ್ತಲ ಬಾಗಿಲ ಹತ್ತಿರ ಇಟ್ಟುಕೋ ಎಂದ. ಇದು ಶುಚಿತ್ವದ ಪ್ರಶ್ನೆ, ಬೇರೇನೂ ಇಲ್ಲ ಎಂದೂ ಸೇರಿಸಿದ.

ಹಾಗಾದರೆ ಎಲ್ಲರಿಗೂ ಒಂದೊಂದು ಕೊಡುತ್ತೀರಾ ಎಂದು ಅವಳು ಕೇಳಿದಳು. ಉಳಿದವರಿಗೆ ಬೇಕಾಗಿಲ್ಲ ಎಂದ.

ಮರುದಿನ ಊಟದ ಹೊತ್ತಿಗೆ ದೇವೀರಿ ಬಟ್ಟೆಯ ಗಂಟು ಕಟ್ಟಿಕೊಂಡು ಅಮ್ಮನಿಗೆ ನಮಸ್ಕರಿಸಿ ಹೊರಡಲು ಬಂದಳು. ಅಮ್ಮ ಕಾರಣ ಕೇಳಿದರು. ಅವಳು ಹೇಳಿದಳು. ಅತ್ತುಕೊಂಡಲ್ಲ, ನೇರವಾಗಿ ಹೇಳಿದಳು.

“ನಿನ್ನ ತಟ್ಟೆ ತಾ,” ಎಂದರು ಅಮ್ಮ.

ಅವಳು ಹಿತ್ತಲ ಬಾಗಿಲಿನಿಂದ ತಂದುಕೊಟ್ಟಳು. ಅಮ್ಮ ಎಲ್ಲರ ಎದುರಿಗೆ ಆ ತಟ್ಟೆ ಹಿಡಿದು ಪಂಕ್ತಿಯಲ್ಲಿ ಕೂತರು. ಮುದ್ದೆ, ಸೊಪ್ಪಿನ ಸಾರು. ನಿಧಾನವಾಗಿ ಉಂಡರು. ಎದ್ದು ತಟ್ಟೆಯನ್ನು ವಾಗೀಶನ ಕೈಗೆ ಕೊಟ್ಟು, ತೊಳೆ ಎಂದರು.

ಅವನ ಕೈ ಹಳದಿ ಸ್ಪಾಂಜಿಗೆ ಹೋಯಿತು.

“ಹಳದಿ ಯಾಕಪ್ಪ?”

“ನೀವು ಉಂಡ ತಟ್ಟೆ, ಅಮ್ಮ.”

“ಬೆಳಿಗ್ಗೆ ಇದೇ ತಟ್ಟೆಗೆ ನೀಲಿ ಬೇಕಾಗಿತ್ತು. ತಟ್ಟೆ ಬದಲಾಯಿತೇ?”

“ಇಲ್ಲ.”

“ಸಾರು?”

“ಇಲ್ಲ.”

“ಮತ್ತೆ ಬಣ್ಣ ಯಾಕೆ ಬದಲಾಯಿತು?”

ಪಂಕ್ತಿಯಲ್ಲಿ ಯಾರೂ ತುತ್ತು ಎತ್ತಲಿಲ್ಲ.

“ನಾನು ಕೆಲಸಕ್ಕೆ ಹಂಚಿದ ಬಣ್ಣವನ್ನು ನೀನು ಮನುಷ್ಯರಿಗೆ ಹಂಚಿದೆ,” ಎಂದರು ಅಮ್ಮ. “ತೊಳೆ.”

ಅವನು ಕೂತು ತೊಳೆಯತೊಡಗಿದ. ದೇವೀರಿ ಸ್ವಲ್ಪ ಬಗ್ಗಿ ನೋಡಿದಳು.

“ಅಂಚಲ್ಲಿ ಜಿಡ್ಡು ಐತೆ, ಅಣ್ಣ. ಬಿಡಬ್ಯಾಡಿ.”

ಯಾರೋ ಮೊದಲು ಕಿಸಕ್ಕೆಂದರು. ಆಮೇಲೆ ಇಡೀ ಪಂಕ್ತಿ ನಕ್ಕಿತು. ಒಬ್ಬೊಬ್ಬರೇ ಎದ್ದು ತಂತಮ್ಮ ತಟ್ಟೆಯನ್ನು ತಂದು ಅವನ ಮುಂದೆ ಒಂದರ ಮೇಲೊಂದು ಇಟ್ಟರು. ಕಡೆಗೆ ಯಾರದು ಯಾವುದು ಎಂದು ಹೇಳುವುದು ಸಾಧ್ಯವಿರಲಿಲ್ಲ. ಅಷ್ಟನ್ನೂ ಅವನೇ ತೊಳೆದ.

ಅಮ್ಮ ದೇವೀರಿಯತ್ತ ತಿರುಗಿದರು.

“ಇರುತ್ತೀಯಾ?”

ದೇವೀರಿ ಗಂಟನ್ನು ಕಂಕುಳಿನಿಂದ ಇಳಿಸಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ.

“ವಾಗೀಶಣ್ಣ ಏನಂತಾರೋ ಕೇಳಿ ಹೇಳ್ತೀನಿ, ಅಮ್ಮ.”

ವಾಗೀಶ ಒದ್ದೆ ಕೈಯಲ್ಲೇ ಬಂದು ಅಮ್ಮನ ಪಾದ ಮುಟ್ಟಲು ಬಾಗಿದ. ಅಮ್ಮ ಪಾದ ಹಿಂದಕ್ಕೆ ಸರಿಸಿದರು.

ಅವನು ಕೈಮುಗಿದು, ಈಹೊತ್ತು ತನ್ನ ಕಣ್ಣು ತೆರೆಯಿತು ಎಂದ. ಎಲ್ಲರೊಳಗೂ ಇರುವ ಆತ್ಮ ಒಂದೇ ಎಂದ. ಅದಕ್ಕೆ ಒಂದು ಶ್ಲೋಕವನ್ನೂ ಹೇಳಿದ, ಒಂದಕ್ಷರ ತಪ್ಪಲಿಲ್ಲ. ಇನ್ನೊಂದಕ್ಕೆ ಉಸಿರು ಎಳೆದುಕೊಂಡ.

ಅಮ್ಮ ಕೈಯೆತ್ತಿ ನಿಲ್ಲಿಸಿದರು.

“ಶ್ಲೋಕ ಸಾಕು. ದೇವೀರಿಯ ಮುಂದೆ ನಿಂತು ಕ್ಷಮೆ ಕೇಳು.”