ಕೊತ್ತಿ ಕೊಟ್ಟುಬಿಟ್ಟ ಅಳು

ಈ ಕತೆ ಯಾರಿಗೂ ಹೇಳಬೇಡ ಅಂದಿದ್ರು ನಮ್ಮಜ್ಜಿ. ಗಾಳಿಗೆ ಕೇಳಿಸಿದ್ರೆ ಬೇಜಾರು ಮಾಡ್ಕೋತಾಳಂತೆ. ಅದಕ್ಕೆ ಮೊದಲು ಆ ಕಿಟಕಿ ಹಾಕ್ಕೊಂಡು ಬಾ ಪುಟ್ಟೂ. ಚಿಲಕಾನೂ ಹಾಕು. ಹ್ಞಾ, ಈಗ ಹತ್ತಿರ ಕೂತ್ಕೋ. ನಾನು ಕತೆ ಓದೋಳು, ಹೇಳೋಳಲ್ಲ. ಎಲ್ಲಾದ್ರೂ ತಡವರಿಸಿದ್ರೆ ನಗಬಾರದು.

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಹೊಳೆ ಯಾವ ಕಡೆ ಹರೀಬೇಕು ಅಂತ ಗೊತ್ತಾಗದೆ ದಿನಕ್ಕೊಂದು ದಾರಿ ಹಿಡೀತಿದ್ಲು. ಆಗ ಎಲ್ಲರೂ ಎಲ್ಲರ ಜೊತೆ ಮಾತಾಡ್ತಿದ್ರು. ಇರುವೆ ಆನೆ ಜೊತೆ, ಕಲ್ಲು ಹುಲ್ಲಿನ ಜೊತೆ.

ಮಾತೇನೋ ಎಲ್ಲರಿಗೂ ಇತ್ತು. ಆದ್ರೆ ಕೂಗು ಬೇಕು ಅಂದ್ರೆ ಗಾಳವ್ವನ ಹತ್ರ ಹೋಗಿ ಇಸ್ಕೊಂಡು ಬರಬೇಕಿತ್ತು. ಗಾಳವ್ವ ಅಂದ್ರೆ ಗಾಳಿ. ಬೆಟ್ಟದ ನೆತ್ತೀಲಿ ಒಂದು ಗವಿ, ಗವಿಗೊಂದು ಬಂಡೆ ಬಾಗಿಲು. ಅದೇ ಅವಳ ಮನೆ.

ಕೋಗಿಲೆ ಬೆಳಕು ಹರಿಯೋಕೆ ಮುಂಚೇನೇ ಹೋಗಿ ಒಳ್ಳೇದನ್ನ ಆರಿಸ್ಕೊಂಡ್ಲು. ಕಾಗಣ್ಣ ದಾರೀಲಿ ಅವರಿವರ ಸುದ್ದಿ ಹೇಳ್ಕೊಂಡು ಲೇಟಾಗಿ ಹೋದ, ಉಳಿದಿದ್ದು ಸಿಕ್ತು. ಕತ್ತೆರಾಯ ಯಾರೂ ನೋಡಲ್ಲ ಅಂದ್ಕೊಂಡು ಎರಡು ಸಲ ಸಾಲಲ್ಲಿ ನಿಂತು ಎರಡು ಕೂಗು ಇಸ್ಕೊಂಡ. ಎರಡೂ ಗಂಟಲಲ್ಲೇ ಸಿಕ್ಕಾಕ್ಕೊಂಡ್ವು. ಅವನು ಅರಚೋದು ಕೇಳಿದ್ದೀಯಲ್ಲ?

ಕೊತ್ತಿನೂ ಹೋದ್ಲು. ನಾವು ಬೆಕ್ಕು ಅಂತೀವಲ್ಲ, ಅಜ್ಜಿ ಊರ ಕಡೆ ಅದನ್ನ ಕೊತ್ತಿ ಅಂತಾರೆ. ಕೊತ್ತಿ ನಡೆಯೋ ಚೆಂದಕ್ಕೆ ಮೆಚ್ಚಿ ಗಾಳವ್ವ ಅವಳಿಗೆ ನಾಲ್ಕು ಕೊಟ್ಲು. ಹಾಲು ಕೇಳೋಕೆ ಒಂದು ಮಿಯಾಂವ್. ಖುಷಿಗೆ ಒಂದು ಗುರ್ ಗುರ್. ಜಗಳಕ್ಕೆ ಒಂದು ಕೂಗು. ನೋವಿಗೆ ಒಂದು ಅಳು. ಜಗಳದ ಕೂಗೂ ನೋವಿನ ಅಳೂ ಅಕ್ಕತಂಗೀರು, ದೂರದಿಂದ ಕೇಳಿದ್ರೆ ಯಾವುದು ಯಾವುದು ಅಂತಾನೇ ಗೊತ್ತಾಗ್ತಿರಲಿಲ್ಲ.

ಕೊತ್ತಿ ಇದ್ದಿದ್ದು ದ್ಯಾವೀರಿ ಮನೇಲಿ. ಹೊಳೆ ದಂಡೇಲಿ ಎಲ್ಲರಿಗಿಂತ ಮೊದಲು ಒಲೆ ಹಚ್ಚಿದೋಳು ಈ ದ್ಯಾವೀರಿ. ಕೊತ್ತಿ ಅವಳನ್ನ ಅಕ್ಕಾ ಅಂತಿದ್ಲು. ಬಚ್ಚಲ ಒಲೆ ಪಕ್ಕ ಒಂದು ಬೂದಿ ಗುಡ್ಡೆ ಇತ್ತು. ಉಚ್ಚೆ ಬಂದ್ರೆ ಕೊತ್ತಿ ಅಲ್ಲಿಗೇ ಹೋಗೋಳು, ಬೇರೆ ಕಡೆ ಒಂದು ತೊಟ್ಟು ಬಿಟ್ಟೋಳಲ್ಲ.

"ನೋಡು ಕೊತ್ತಿ, ಇಡೀ ಮನೆ ನಿಂದು," ಅಂತಿದ್ಲು ದ್ಯಾವೀರಿ. "ಎಲ್ಲಿ ಬೇಕಾದ್ರೂ ಓಡಾಡು, ಎಲ್ಲಿ ಬೇಕಾದ್ರೂ ಮಲಕ್ಕೋ. ರಂಗೋಲಿ ಒಂದು ತುಳೀಬೇಡ ಕಣವ್ವ."

ಕೊತ್ತಿ ತುಳೀತಿರಲಿಲ್ಲ. ಹೊಸಿಲ ಮುಂದೆ ರಂಗೋಲಿ ಕಂಡ್ರೆ ಮೈ ಕುಗ್ಗಿಸಿ ಆಚೆ ಕಡೆಗೆ ಹಾರಿಬಿಡೋಳು.

ಹೀಗಿರೋವಾಗ ದ್ಯಾವೀರಿಗೆ ಒಂದು ಕೂಸು ಹುಟ್ತು. ಲೋಕದ ಮೊದಲನೇ ಕೂಸು. ಅಲ್ಲಿವರೆಗೂ ಇದ್ದ ಜನ ಎಲ್ಲ ದೊಡ್ಡೋರಾಗೇ ಮಣ್ಣಿಂದ ಎದ್ದು ಬಂದೋರು. ಹಾಗಾಗಿ ಕೂಸಿಗೆ ಅಂತ ಗಾಳವ್ವನ ಹತ್ರ ಯಾರೂ ಏನೂ ಇಸ್ಕೊಂಡಿರಲಿಲ್ಲ.

ಕೂಸು ಬಾಯಿ ತೆರೀತಿತ್ತು, ಸದ್ದಿಲ್ಲ. ಹಸಿವಾದ್ರೂ ಸದ್ದಿಲ್ಲ. ಹೊಟ್ಟೆ ನುಲಿದ್ರೂ ಸದ್ದಿಲ್ಲ. ದ್ಯಾವೀರಿ ಪಾಪ, ಒಳ್ಳೇ ಕೂಸು, ತಣ್ಣಗೆ ಮಲಗಿದೆ ಅಂದ್ಕೊಂಡು ಕೆಲಸಕ್ಕೆ ಹೋಗೋಳು. ಕೂಸು ದಿನದಿಂದ ದಿನಕ್ಕೆ ಬಾಡ್ತಾ ಬಂತು.

ಒಂದಿನ ದ್ಯಾವೀರಿ ಹೊಳೆಗೆ ಹೋಗಿದ್ಲು. ತೊಟ್ಟಿಲಿಗೆ ಕೆಂಪಿರುವೆ ಹತ್ತಿಬಿಟ್ವು. ಕೂಸು ಕೈಕಾಲು ಬಡೀತಿದೆ, ಬಾಯಿ ತೆರೆದಿದೆ, ಸದ್ದೇ ಇಲ್ಲ! ಕೊತ್ತಿ ನೋಡಿದ್ಲು. ತೊಟ್ಟಿಲ ಮೇಲೆ ಹಾರಿ, ತನ್ನ ಗಂಟಲಲ್ಲಿದ್ದ ನೋವಿನ ಅಳು ತೆಗೆದು, ಹೊಳೆ ದಂಡೆಗೆ ಕೇಳೋ ಹಾಗೆ ಅತ್ಲು. ದ್ಯಾವೀರಿ ಒದ್ದೆ ಬಟ್ಟೇಲೇ ಓಡಿಬಂದು ಕೂಸನ್ನ ಎತ್ಕೊಂಡ್ಲು.

ಅವತ್ತು ಕೊತ್ತಿಗೆ ನಿದ್ದೆ ಬರಲಿಲ್ಲ. ಇವತ್ತೇನೋ ನಾನಿದ್ದೆ. ನಾನು ಇಲಿ ಹಿಡಿಯೋಕೆ ಹೋದಾಗ ಏನು ಗತಿ?

ಬೆಳಗಾಗ್ತಿದ್ದ ಹಾಗೇ ಬೆಟ್ಟ ಹತ್ತಿದ್ಲು.

"ಗಾಳವ್ವ, ದ್ಯಾವೀರಕ್ಕನ ಕೂಸಿಗೆ ಒಂದು ಅಳು ಕೊಡು."

"ಎಲ್ಲ ಹಂಚಿ ಆಯ್ತಲ್ಲೇ ಕೊತ್ತಿ. ಚೀಲ ಕೊಡವಿದ್ರೂ ಏನೂ ಬೀಳಲ್ಲ."

"ಹಾಗಾದ್ರೆ ನಂದನ್ನೇ ಅದಕ್ಕೆ ಹಾಕಿಬಿಡು."

ಗಾಳವ್ವ ಬೀಸೋದನ್ನೇ ನಿಲ್ಲಿಸಿದ್ಲು. "ಹುಚ್ಚಿ, ಕೊಟ್ರೆ ವಾಪಸ್ ಬರಲ್ಲ. ಬರೀ ಅಳು ಹೋಗಲ್ಲ, ಅದರ ಜೊತೆ ನೋವು ಹೇಳ್ಕೊಳ್ಳೋ ಮಾತೆಲ್ಲ ಹೋಗುತ್ತೆ. ಅಯ್ಯೋ ಅನ್ನೋಕಾಗಲ್ಲ, ನೋಯ್ತಿದೆ ಅನ್ನೋಕಾಗಲ್ಲ. ಬೇರೆ ಏನು ಬೇಕಾದ್ರೂ ಮಾತಾಡು, ಅದೊಂದು ಆಗಲ್ಲ."

"ನನಗೇನು ನೋವು ಬರುತ್ತೆ? ಮರದ ಮೇಲಿಂದ ಬಿದ್ರೂ ಕಾಲ ಮೇಲೇ ನಿಲ್ತೀನಿ," ಅಂದ್ಲು ಕೊತ್ತಿ. ಜಂಬ ನೋಡು!

ಗಾಳವ್ವ ನಿಟ್ಟುಸಿರು ಬಿಟ್ಲು. "ಸರಿ. ಆದ್ರೆ ಇದನ್ನ ಯಾರಿಗೂ ಹೇಳಬಾರದು. ದ್ಯಾವೀರಿಗೂ ಹೇಳಬಾರದು. ಕೂಗು ಕೈ ಬದಲಾಯಿಸಬಹುದು ಅಂತ ಗೊತ್ತಾದ್ರೆ ಆ ಕಾಗೆ ನನ್ನ ಬಾಗಿಲಲ್ಲೇ ಬಿಡಾರ ಹೂಡ್ತಾನೆ."

ಕೊತ್ತಿ ಮನೆಗೆ ಬರೋ ಹೊತ್ತಿಗೆ ಕೂಸು ಅಳ್ತಾ ಇತ್ತು! ದ್ಯಾವೀರಿ ಒಂದು ಕಣ್ಣಲ್ಲಿ ನಗ್ತಾ, ಒಂದು ಕಣ್ಣಲ್ಲಿ ನೀರು ಸುರಿಸ್ತಾ ಕುಣೀತಿದ್ಲು. ಕೂಸು ಅತ್ತಾಗೆಲ್ಲ ಓಡಿದ್ಲು, ಹಾಲು ಕೊಟ್ಲು, ಕೂಸು ಗುಂಡಗಾಯ್ತು. ಕೊತ್ತಿ ಒಲೆ ಮುಂದೆ ಮಲಗಿ ಗುರ್ ಗುರ್ ಅಂದ್ಲು.

ನಾಮಕರಣಕ್ಕೆ ದಿನ ಗೊತ್ತಾಯ್ತು. ದ್ಯಾವೀರಿ ಇಡೀ ಮನೆ ಗುಡಿಸಿ ಸಗಣಿ ಹಾಕಿ ಸಾರಿಸಿದ್ಲು. ಬಚ್ಚಲ ಒಲೆ ಪಕ್ಕದ ಬೂದಿ ಗುಡ್ಡೆ ಕಂಡ್ತು. ಕೂಸಿಗೆ ನೀರು ಹಾಕೋ ಜಾಗ, ಗಲೀಜು ಇರಬಾರದು ಅಂತ ಅದನ್ನೂ ಬಾಚಿ ತಿಪ್ಪೆಗೆ ಎಸೆದ್ಲು. ಎಸೆದು, ಅಲ್ಲೂ ಸಾರಿಸಿ, ಅದರ ಮೇಲೆ ಚೆಂದದ ಒಂದು ರಂಗೋಲಿ ಹಾಕಿಬಿಟ್ಲು.

ಕೊತ್ತಿ ಬಂದು ನೋಡ್ತಾಳೆ, ಬೂದಿ ಇಲ್ಲ. ರಂಗೋಲಿ ಇದೆ. ರಂಗೋಲಿ ತುಳಿಯೋ ಹಾಗಿಲ್ಲ.

ಅಕ್ಕನ್ನ ಕೇಳೋಣ ಅಂದ್ರೆ ಮನೆ ತುಂಬಾ ನೆಂಟರು. ಅಷ್ಟು ಜನರ ಮುಂದೆ ಇಂಥ ವಿಷಯ ಹೇಗೆ ಬಾಯಿಬಿಡೋದು? ಕೊತ್ತಿಗೆ ನಾಚಿಕೆ. ಅಂಗಳಕ್ಕೆ ಹೋದ್ರೆ ನೆಂಟರ ನಾಯಿ ಹಲ್ಲು ಕಿರೀತು. ತಡ್ಕೊಂಡ್ಲು. ನಾಳೆ ಸರಿಹೋಗುತ್ತೆ ಅಂತ ತಡ್ಕೊಂಡ್ಲು. ನಾಳೆ ಬಂತು, ಹಳೇ ರಂಗೋಲಿ ಒರೆಸಿ ಹೊಸದು ಬಂತು. ಮತ್ತೆ ತಡ್ಕೊಂಡ್ಲು.

ತಡ್ಕೊಂಡು ತಡ್ಕೊಂಡು ಕೊತ್ತಿಗೆ ಕಿಬ್ಬೊಟ್ಟೇಲಿ ಬೆಂಕಿ ಹತ್ತಿದ ಹಾಗಾಯ್ತು. ಈಗ ಮಾಡೋಣ ಅಂದ್ರೂ ಒಂದೊಂದೇ ತೊಟ್ಟು, ಅದೂ ಉರಿ. ನೆಂಟರೆಲ್ಲ ಹೋದ ಮೇಲೆ ದ್ಯಾವೀರಿ ಮುಂದೆ ಬಂದು ನಿಂತ್ಲು. ಬೂದಿ ಯೋಚನೆ ಎಲ್ಲ ಹೋಗಿ ಬರೀ ನೋವು. ಅಕ್ಕಾ, ನೋಯ್ತಿದೆ ಅನ್ನೋಕೆ ಬಾಯಿ ತೆರೆದ್ಲು.

"ಮಿಯಾಂವ್."

"ಹಾಲು ಬೇಕಾ ನನ್ನ ಬಂಗಾರಿಗೆ?" ಅಂತ ದ್ಯಾವೀರಿ ಬಟ್ಟಲು ತುಂಬಾ ಹಾಲು ತಂದಿಟ್ಲು.

ಮತ್ತೆ ಬಾಯಿ ತೆರೆದ್ಲು. ಮಿಯಾಂವ್. ಮತ್ತೆ ಹಾಲು. ಪಾಪ ಕೊತ್ತಿ!

ಮೂಲೇಲಿ ಕೂತು ಕೊತ್ತಿ ತೊಟ್ಟಿಲ ಕಡೆ ನೋಡಿದ್ಲು. ಕೂಸು ಆಗಷ್ಟೇ ಬಟ್ಟೆ ಒದ್ದೆ ಮಾಡ್ಕೊಂಡಿತ್ತು. ದ್ಯಾವೀರಿ ಬೈತಾಳಾ? ಇಲ್ಲ. ನಗ್ತಾ ಬಂದ್ಲು. ಬಟ್ಟೆ ಬದಲಾಯಿಸಿದ್ಲು. ಹೊಟ್ಟೆ ಸವರಿ, "ಏನಾಯ್ತು ನನ್ನ ಕಂದಂಗೆ, ಎಲ್ಲಿ ನೋವು?" ಅಂತ ಕೇಳಿದ್ಲು.

ಓಹೋ, ಅಂದ್ಕೊಂಡ್ಲು ಕೊತ್ತಿ. ಬಟ್ಟೆ ಒದ್ದೆ ಮಾಡಿದ್ರೆ ಅಕ್ಕ ಬಂದು ಎಲ್ಲಿ ನೋವು ಅಂತ ಕೇಳ್ತಾಳೆ.

ಕಷ್ಟಪಟ್ಟು ಎದ್ದು ಹೋದ್ಲು. ನಾಮಕರಣಕ್ಕೆ ಉಟ್ಟು ಮಡಚಿಟ್ಟಿದ್ದ ಹೊಸ ಸೀರೆ ಮೇಲೆ ಹತ್ತಿ, ಉರಿ ತಡ್ಕೊಂಡು, ಇದ್ದಷ್ಟು ಉಚ್ಚೆ ಮಾಡಿದ್ಲು. ಮಾಡಿ ಅಲ್ಲೇ ನಿಂತು ದ್ಯಾವೀರಿ ಮುಖ ನೋಡಿದ್ಲು.

"ಅಯ್ಯಯ್ಯೋ! ನನ್ನ ಸೀರೆ! ಮನೆಹಾಳಿ, ಕೂಸು ಬಂತು ಅಂತ ಹೊಟ್ಟೆಕಿಚ್ಚಾ ನಿಂಗೆ?"

"ಮಿಯಾಂವ್," ಅಂದ್ಲು ಕೊತ್ತಿ.

"ಹಾಲು ಬೇರೆ ಕೇಡು!"

ಪೊರಕೆ ಬಂತು. ಕೊತ್ತಿ ಆಚೆ ಬಿದ್ಲು. ಬೇಲಿ ಮೇಲಿದ್ದ ಕಾಗಣ್ಣ ಕತ್ತು ಓರೆ ಮಾಡಿದ. "ಏನ್ ಕೊತ್ತಕ್ಕ, ಒಲೆ ಮುಂದಿನ ಮಹಾರಾಣಿ ಈಗ ಬೇಲಿ ಸಂದೀಲಾ?" ಕೊತ್ತಿ ಮೈ ಮುದುಡಿಕೊಂಡು ಹುಲ್ಲಿನ ಮೆದೆ ಅಡಿ ತೂರಿಕೊಂಡ್ಲು. ಆ ಗುಟ್ಟು ಹೇಳಿದ್ರೆ ಒಂದೇ ಕ್ಷಣದಲ್ಲಿ ಮನೆ ಒಳಗೆ ಹೋಗಬಹುದಿತ್ತು. ಮಾತು ಕೊಟ್ಟಿದ್ಲಲ್ಲ, ಹೇಳಲಿಲ್ಲ.

ದ್ಯಾವೀರಿ ಗೊಣಗ್ತಾ ಸೀರೆ ಹೊಳೆಗೆ ತಂದು ಅದ್ದಿದ್ಲು. ಕಾಗಣ್ಣನೂ ಸುದ್ದಿ ಸಿಗುತ್ತೆ ಅಂತ ಹಿಂದೇನೇ ಬಂದ.

ಹೊಳೆ ಮೈ ಜುಮ್ಮಂತು. "ತಡಿ ದ್ಯಾವೀರಿ, ಇದರಲ್ಲಿ ರಕ್ತ ಇದೆ."

"ರಕ್ತಾನಾ?"

"ಉರಿನೂ ಇದೆ. ಇದು ಹೊಟ್ಟೆಕಿಚ್ಚಲ್ಲ ಕಣೇ, ಹೊಟ್ಟೆ ನೋವು. ನಿನ್ನ ಕೊತ್ತಿ ಸಾಯೋ ಹಾಗಿದ್ದಾಳೆ."

"ಹಂಗಾದ್ರೆ ನೋವು ಅಂತ ಅಳಬೇಕಿತ್ತಲ್ಲ ಹೊಳಕ್ಕ!"

"ಹೆಂಗೆ ಅಳ್ತಾಳೆ? ಅವಳ ಅಳು ನಿನ್ನ ತೊಟ್ಟಿಲಲ್ಲಿದೆ," ಅಂದ್ಲು ಹೊಳೆ. "ಗಾಳವ್ವ ದಿನಾ ನನ್ನ ಮೇಲೇ ಹಾದು ಹೋಗ್ತಾಳೆ, ತನ್ನಷ್ಟಕ್ಕೆ ತಾನೇ ಗೊಣಗ್ತಾಳೆ, ನನಗೆ ಕೇಳುತ್ತೆ. ನಾನೇನು ಯಾರಿಗೂ ಮಾತು ಕೊಟ್ಟಿಲ್ಲ." ಅಂತ ಎಲ್ಲ ಹೇಳಿಬಿಟ್ಲು.

ದ್ಯಾವೀರಿ ಸೀರೆ ಅಲ್ಲೇ ಬಿಟ್ಲು. ಸೀರೆ ತೇಲಿಕೊಂಡು ಹೋಯ್ತು, ತಿರುಗಿ ನೋಡಲಿಲ್ಲ. ಓಡಿದ್ಲು. ಮನೆ ಹಿಂದೆ ಹುಡುಕಿದ್ಲು, ಬೇಲಿ ಸಂದೀಲಿ ಹುಡುಕಿದ್ಲು. ಮೆದೆ ಅಡಿ ಕೈ ಹಾಕಿದಾಗ ಬಿಸಿ ಬಿಸಿ ಮೈ ಸಿಕ್ತು.

"ಕೊತ್ತೀ, ನನ್ನವ್ವಾ, ಎಲ್ಲಿ ನೋವು?"

ಅಷ್ಟು ಕೇಳಿದ್ದೇ ಸಾಕಾಯ್ತು ಕೊತ್ತಿಗೆ. ಕಣ್ಣು ಮುಚ್ಚಿ ಅಕ್ಕನ ಕೈಗೆ ತಲೆ ಒತ್ತಿದ್ಲು.

ದ್ಯಾವೀರಿ ಎಳನೀರು ಕೆತ್ತಿ ಬೆರಳಲ್ಲಿ ಅದ್ದಿ ಅದ್ದಿ ನೆಕ್ಕಿಸಿದ್ಲು. ಬೆಚ್ಚಗಿನ ಬಟ್ಟೆ ಹೊಟ್ಟೆಗಿಟ್ಲು. ಬಚ್ಚಲ ಮೂಲೆಗೆ ಹೋಗಿ ತನ್ನ ಕೈಯಾರೆ ಆ ರಂಗೋಲಿ ಅಳಿಸಿದ್ಲು. ಅಗಲ ಬಾಯಿ ಮಂಕರಿ ಬುಟ್ಟಿಗೆ ಹೊಸ ಬೂದಿ, ಹೊಳೆ ಮರಳು ತುಂಬಿ ತಂದಿಟ್ಲು. "ಇದು ನಿನ್ನ ಜಾಗ. ಯಾವ ಹಬ್ಬ ಬಂದ್ರೂ, ಎಂಥ ನೆಂಟರು ಬಂದ್ರೂ ಇದನ್ನ ಯಾರೂ ಕದಲಿಸಲ್ಲ."

ಕೊತ್ತಿ ಹೋಗಿ ಕೂತ್ಲು. ಮೊದಲು ತೊಟ್ಟು ತೊಟ್ಟು. ಆಮೇಲೆ ಧಾರೆ. ಉಸ್ಸಪ್ಪಾ! ಆದ ಮೇಲೆ ಮುಂಗಾಲಿಂದ ಮರಳು ಎಳೆದು ಎಳೆದು, ಗೆರೆ ಗೆರೆಯಾಗಿ, ಚೊಕ್ಕವಾಗಿ ಮುಚ್ಚಿದ್ಲು. ಅಕ್ಕನ ರಂಗೋಲಿ ಹೋಯ್ತಲ್ಲ, ಅದರ ಬದಲು ತಾನೇ ಒಂದು ಹಾಕಿಕೊಟ್ಲು. ದ್ಯಾವೀರಿಗೆ ನಗೂನೂ ಬಂತು ಅಳೂನೂ ಬಂತು. ಅವತ್ತಿಂದ ಕೂಸು ಅತ್ತಾಗೆಲ್ಲ ಅವಳು ಕೂಸನ್ನ ಎತ್ಕೊಳ್ಳೋಕೆ ಮುಂಚೆ ಒಂದ್ಸಲ ಕೊತ್ತಿ ತಲೆ ಸವರೋಳು.

ಆದ್ರೂ ದ್ಯಾವೀರಿಗೆ ಸಮಾಧಾನ ಇಲ್ಲ. ನನ್ನ ಕೂಸು ಉಳೀತು, ಇವಳಿಗೆ ನಾನೇನು ಕೊಟ್ಟೆ? ಕೊತ್ತಿ ಚೇತರಿಸಿಕೊಂಡ ಮೇಲೆ ಕೂಸನ್ನ ಸೊಂಟದ ಮೇಲೆ ಕೂರಿಸಿ, ಕೊತ್ತಿನ ಬುಟ್ಟೀಲಿ ಹೊತ್ತು, ಬೆಟ್ಟ ಹತ್ತಿದ್ಲು. ಇವಳಿಗೊಂದು ಅಳು ಬೇಡಿ ತರೋಣ ಅಂತ.

ಕಾಗಣ್ಣ ಸುಮ್ಮನಿರ್ತಾನಾ? ಹೊಳೆ ಹೇಳಿದ್ದನ್ನ ಅಷ್ಟು ಹೊತ್ತಿಗೆ ಊರಿಗೆಲ್ಲ ಹಂಚಿದ್ದ. ನಂದು ಬದಲಾಯಿಸು, ನಂದು ಬದಲಾಯಿಸು ಅಂತ ಕಪ್ಪೆ, ಗೂಬೆ, ಕತ್ತೆ ಎಲ್ಲ ಹೋಗಿ ಗಾಳವ್ವನ ತಲೆ ತಿಂದಿದ್ವು. ದ್ಯಾವೀರಿ ಹೋಗೋ ಹೊತ್ತಿಗೆ ಅಲ್ಲಿ ಬರೀ ಹೆಜ್ಜೆ ಗುರುತು, ಉದುರಿದ ಪುಕ್ಕ. ಬಂಡೆ ಬಾಗಿಲು ಮುಚ್ಚಿತ್ತು. ಗಾಳವ್ವ ಈಗ ಹಿಂದಿನ ಕಿಂಡಿಯಿಂದಲೇ ಹೋಗಿ ಬಂದು ಮಾಡೋದು.

"ಗಾಳವ್ವಾ, ನನ್ನ ಕೊತ್ತಿಗೆ ಒಂದೇ ಒಂದು ಅಳು ಕೊಡವ್ವಾ! ಯಾರಾದ್ರೂ ಬಿಟ್ಟಿದ್ದಾದ್ರೂ ಆಗಲಿ!" ಅಂತ ದ್ಯಾವೀರಿ ತಟ್ಟಿದ್ಲು. ಕೈ ಕೆಂಪಾಗೋವರೆಗೂ ತಟ್ಟಿದ್ಲು.

"ಬಿಡಕ್ಕ," ಅಂದ್ಲು ಬುಟ್ಟಿಯೊಳಗಿಂದ ಕೊತ್ತಿ. "ಅದು ಕೂಸಿನ ಬಾಯಲ್ಲೇ ಚೆಂದ."

ದ್ಯಾವೀರಿ ಬುಟ್ಟಿ ಇಳಿಸಿ ಅವಳ ಎದುರಿಗೆ ಕೂತ್ಲು. "ಹಂಗಾದ್ರೆ ನೀನು ಅವತ್ತು ಹೇಳಿದ ಹಂಗೇ ಹೇಳು. ಎಲ್ಲಿ ಬೇಕೋ ಅಲ್ಲಿ ಉಚ್ಚೆ ಹುಯ್ಯಿ. ನಾನು ಮೊದಲು ನಿನ್ನ ಹೊಟ್ಟೆ ನೋಡ್ತೀನಿ, ಆಮೇಲೆ ನಿನ್ನ ಮಂಕರಿ ನೋಡ್ತೀನಿ. ಪೊರಕೆ ಮುಟ್ಟಲ್ಲ."

"ಹೊಸ ಸೀರೆ ಮೇಲೂ?"

ದ್ಯಾವೀರಿ ಒಂದ್ಸಲ ಉಗುಳು ನುಂಗಿದ್ಲು. "ಹೊಸ ಸೀರೆ ಮೇಲೂ."

ಅದಕ್ಕೇ ಪುಟ್ಟೂ, ಇವತ್ತಿಗೂ ಬೆಕ್ಕು ನೋವಾದ್ರೆ ಅಳಲ್ಲ, ತನ್ನ ಮಣ್ಣಿನ ಟ್ರೇ ಬಿಟ್ಟು ನಮ್ಮ ಹಾಸಿಗೆ ಮೇಲೋ ಮಡಚಿಟ್ಟ ಬಟ್ಟೆ ಮೇಲೋ ಉಚ್ಚೆ ಮಾಡಿ ನಮ್ಮ ಮುಖಾನೇ ನೋಡ್ತಾ ನಿಂತಿರುತ್ತೆ; ಅಲ್ಲಿ ಬೆಟ್ಟದ ಮೇಲೆ ಗಾಳವ್ವನ ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಇದೆ, ಎಷ್ಟು ತಟ್ಟಿದ್ರೂ ಓ ಅನ್ನೋರಿಲ್ಲ.